ಒಲೆಗೊಂದು ಗುಡ್ಡೆ

ಇಸ್ತಾಂಬುಲ್ ವಿಮಾನ ನಿಲ್ದಾಣ

ಸುಂಕದ ಅಧಿಕಾರಿ ನನ್ನ ಚೀಲದಿಂದ ಒಂದು ತೆಂಗಿನಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಗುಡುಗುಡು ಎಂದಿತು. ಅವನ ಮುಖ ಬಿಗಿಯಿತು. ಇನ್ನೊಬ್ಬನನ್ನು ಕರೆದ. ಅವನೂ ಅಲ್ಲಾಡಿಸಿದ. ಇಬ್ಬರೂ ನನ್ನನ್ನು ನೋಡಿದರು.

ನಮ್ಮ ತಿಪಟೂರು ಸೀಮೆಯಲ್ಲಿ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೆ ಉಂಡೆಯಾಗಿ ಉರುಳುತ್ತದೆ. ಆ ಸದ್ದು ಕೇಳಿದರೆ ನಮಗೆ ಸಮಾಧಾನ, ಅವರಿಗೆ ಅನುಮಾನ. ಇದನ್ನು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಲು ಹೋಗಿ ಬೆವೆತುಬಿಟ್ಟೆ. ಕೊನೆಗೆ ಮೇಜಿನ ಕಬ್ಬಿಣದ ಅಂಚಿಗೆ ಕುಕ್ಕಿ ಒಡೆದೇಬಿಟ್ಟೆ. ಕೊಬ್ಬರಿ ಚೂರು ಮಾಡಿ ಇಬ್ಬರಿಗೂ ಕೊಟ್ಟೆ, ಪಕ್ಕದ ಸಾಲಿನವಳಿಗೆ ಕೊಟ್ಟೆ, ಗಾಡಿ ತಳ್ಳುತ್ತಿದ್ದವನನ್ನೂ ಕರೆದು ಕೊಟ್ಟೆ. ಒಬ್ಬರಿಗಿಂತ ಒಬ್ಬರಿಗೆ ಎಳ್ಳಷ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಂಚುವುದರಲ್ಲಿ ನನ್ನ ಕೈ ಅಂಥದ್ದು ಎಂದು ನನಗೆ ಒಳಗೊಳಗೇ ಹೆಮ್ಮೆ. ಅವರು ಅಗಿಯುತ್ತ ನನ್ನನ್ನು ಬಿಟ್ಟರು.

ನನ್ನ ಹೆಸರು ಚಿಕ್ಕಣ್ಣ. ಹುಳಿಯಾರಿನ ಹತ್ತಿರದ ಒಂದು ಹಟ್ಟಿಯವನು, ಕುರಿ ಸಾಕುವವರ ಮನೆಯವನು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದೆ. ಪಾಸ್‌ಪೋರ್ಟು ಮಾಡಿಸಿದ್ದೂ ಇದೇ ಮೊದಲು, ವಿಮಾನ ಹತ್ತಿದ್ದೂ ಇದೇ ಮೊದಲು. ಕರೆಸಿಕೊಂಡವಳು ನನ್ನ ಹಳೆಯ ವಿದ್ಯಾರ್ಥಿನಿ ನಸೀಮಾ. ಹುಳಿಯಾರಿನ ಬಸ್ ನಿಲ್ದಾಣದ ಎದುರು ಬಟ್ಟೆ ಹೊಲಿಯುವವರ ಮಗಳು. ನನ್ನ ಮದುವೆಯ ಅಂಗಿ ಹೊಲಿದದ್ದು ಅವಳಪ್ಪನೇ. ಈಗ ಅವಳು ಟರ್ಕಿಯಲ್ಲಿ ನೆಲ ಅಗೆದು ಹಳೆಯ ಊರು ಹುಡುಕುವವರ ಜೊತೆ ಇದ್ದಾಳೆ. ಸಿಕ್ಕಿದ ಪ್ರಾಣಿಗಳ ಎಲುಬು ಓದುವುದು ಅವಳ ಕೆಲಸ.

ಫೋನು ಮಾಡಿ ಅವಳು ಹೇಳಿದ್ದು ಇಷ್ಟೇ: "ಸಾರ್, ಎಂಟ್ನೇ ಕ್ಲಾಸಲ್ಲಿ ನೀವು ಒಂದು ಪಾಠ ತಪ್ಪು ಹೇಳ್ಕೊಟ್ಟಿದೀರಾ. ಬಂದು ನೋಡ್ಕೊಂಡು ಹೋಗಿ." ಮೇಷ್ಟ್ರಿಗೆ ತಪ್ಪು ಅಂದರೆ ಸುಮ್ಮನಿರಲು ಆಗುತ್ತದೆಯೇ? ಹೊರಟೆ.

ಕೋನ್ಯಾದ ಬಸ್ಸು

ಇಸ್ತಾಂಬುಲ್ಲಿನಿಂದ ಕೋನ್ಯಾ ಬಯಲಿಗೆ ಇಡೀ ದಿನದ ದಾರಿ. ನಸೀಮಾ ನಿಲ್ದಾಣಕ್ಕೇ ಬಂದಿದ್ದಳು. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಬಿಳಿ ಅಂಗಿಯ ಪರಿಚಾರಕನೊಬ್ಬ ಬಾಟಲಿ ಹಿಡಿದು ಸೀಟಿನಿಂದ ಸೀಟಿಗೆ ಬಂದ. ಎಲ್ಲರೂ ಅಂಗೈ ಚಾಚಿದರು. ನಿಂಬೆಯ ಪರಿಮಳ. ನಾನೂ ಬಲಗೈ ಬಟ್ಟಲು ಮಾಡಿ, ಎಡಗೈ ಕೆಳಗೆ ಹಿಡಿದು, ಹಾಕಿಸಿಕೊಂಡು, ಭಕ್ತಿಯಿಂದ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡೆ.

ಗಂಟಲು ಉರಿದುಹೋಯಿತು. ಅದು ಕೈ ತೊಳೆಯುವ ಅತ್ತರು.

"ತೀರ್ಥ ಅಂದ್ಕೊಂಡ್ರಾ ಸಾರ್?" ಎಂದು ನಸೀಮಾ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಪರಿಚಾರಕ ಗಾಬರಿಯಾಗಿ ನೀರು ತಂದ, ಆಮೇಲೆ ಚಾ ತಂದ, ಆಮೇಲೆ ಬಿಸ್ಕತ್ತು ತಂದ. ದಾರಿಯುದ್ದಕ್ಕೂ ಗಳಿಗೆಗೊಮ್ಮೆ ಬಂದು ನನ್ನ ಮುಖ ನೋಡಿಕೊಂಡು ಹೋಗುತ್ತಿದ್ದ. ನಮ್ಮ ಕಂಡಕ್ಟರುಗಳು ಟಿಕೆಟ್ ಕೊಟ್ಟ ಮೇಲೆ ನಮ್ಮ ಮುಖ ಮರೆತುಬಿಡುತ್ತಾರೆ.

ಬೋಳು ಬಯಲು, ಕೊಯ್ದ ಗೋಧಿಯ ಹೊಲ, ದೂರದಲ್ಲೆಲ್ಲೋ ಕುರಿಮಂದೆ. ಹುಳಿಯಾರಿನಿಂದ ಬಡಗಲಿಗೆ ಹೋದರೆ ಹೀಗೇ, ನೆರಳಿಲ್ಲದ ನೆಲ. ಒಂದು ತೆಂಗಿನ ಮರವಾದರೂ ಕಾಣುತ್ತದೇನೋ ಎಂದು ಕಣ್ಣು ತಾನಾಗಿ ಹುಡುಕುತ್ತಿತ್ತು. ಆಗ ನಸೀಮಾ ಕೇಳಿದಳು: "ಗಂಗತ್ತೆ ಹೆಂಗವ್ರೆ ಸಾರ್?"

"ಚೆನ್ನಾಗವ್ಳೆ" ಎಂದು ಕಿಟಕಿ ಕಡೆ ತಿರುಗಿದೆ.

ಗಂಗಕ್ಕ ನನ್ನ ಅಕ್ಕ. ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ, ಅವಳಿಗೆ ಹನ್ನೊಂದು. ನನ್ನನ್ನು ಸೊಂಟದಿಂದ ಇಳಿಸದೆ ಸಾಕಿದವಳು. ಭಾವ ಹೋದ ಮೇಲೆ ಹಟ್ಟಿಗೆ ವಾಪಸ್ಸು ಬಂದು ನಮ್ಮ ಜೊತೆ ಇದ್ದಳು. ಎರಡು ವರ್ಷದ ಹಿಂದೆ, "ನಂದೂ ಅಂತ ಒಂದು ಒಲೆ ಇರ್ಲಿ ಕಣ್ಲಾ" ಎಂದು ನಮ್ಮ ಮನೆಯ ಹಿಂದಿನ ಒಂಟಿ ಕೋಣೆಗೆ ಹೋದಳು. ಜಗಳವಿಲ್ಲ, ಮುನಿಸಿಲ್ಲ. ತನಗೆ ಬೇಕಾದ ಹೊತ್ತಿಗೆ ಬೇಕಾದ್ದು ಬೇಯಿಸಿಕೊಳ್ಳುವ ಆಸೆ, ಅಷ್ಟೇ.

ಅದೇ ವರ್ಷ ಯುಗಾದಿಯ ಮಾರನೆಯ ದಿನ, ವರ್ಷತೊಡಕು. ಅವತ್ತು ನಮ್ಮ ಹಟ್ಟಿಯಲ್ಲಿ ಎಲ್ಲರೂ ಸೇರಿ ಟಗರು ಕಡಿದು ಗುಡ್ಡೆ ಹಾಕುತ್ತೇವೆ. ಒಲೆಗೊಂದು ಗುಡ್ಡೆ. ತೊಡೆ, ಎದೆ, ತಲೆ, ಈಲಿ, ಕರುಳು, ಎಲ್ಲದರಲ್ಲೂ ಒಂದೊಂದು ಚೂರು ಪ್ರತಿ ಗುಡ್ಡೆಯಲ್ಲೂ ಇರಬೇಕು. ಇದು ನಿನ್ನದು, ಅದು ಅವನದು ಎಂದು ಹಾಕಿದವನು ಕೈ ತೋರುವಂತಿಲ್ಲ. ಬಂದವರು ಬಂದ ಹಾಗೆ ಎತ್ತಿಕೊಳ್ಳುತ್ತಾರೆ, ಹಾಕಿದವನಿಗೆ ಕೊನೆಗೆ ಉಳಿದದ್ದು. ಅಪ್ಪನ ಕಾಲದಿಂದ ಗುಡ್ಡೆ ಹಾಕುವುದು ನಮ್ಮ ಮನೆಯ ಕೆಲಸ.

ಆ ದಿನ ನಾನು ಅಕ್ಕನ ಒಲೆಯನ್ನು ಎಣಿಸಲಿಲ್ಲ. ಅವಳು ಪಾತ್ರೆ ತೊಳೆದು, ಖಾರ ಅರೆದು ಕಾದಿದ್ದಳು. ಸಂಜೆ ನನ್ನ ಹೆಂಡತಿ ಒಂದು ಬಟ್ಟಲು ಸಾರು ತೆಗೆದುಕೊಂಡು ಹೋದಳು. ಬಟ್ಟಲು ಹಾಗೇ ವಾಪಸ್ಸು ಬಂತು. "ಸಾರು ನಾನೇ ಮಾಡ್ಕೊತಿದ್ದೆ ಅನ್ನು ಅವ್ನಿಗೆ" ಎಂದಿದ್ದಳಂತೆ. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ಮರುವರ್ಷ ಅವಳಿಗೂ ಸೇರಿಸಿ ಗುಡ್ಡೆ ಹಾಕಿದೆ. ಅವಳು ಬಾಗಿಲು ಹಾಕಿಕೊಂಡು ಒಳಗಿದ್ದಳು. ಎಲ್ಲರೂ ಹೋದ ಮೇಲೂ ಎರಡು ಗುಡ್ಡೆ ಉಳಿದವು, ನನ್ನದೊಂದು, ಅವಳದೊಂದು. ಅರವತ್ತು ದಾಟಿದ ನಾನು ಅವುಗಳ ಮುಂದೆ ಕೂತು ಅತ್ತಿದ್ದೇನೆ.

ಇದನ್ನೆಲ್ಲ ನಸೀಮಾಳಿಗೆ ಹೇಳಲಿಲ್ಲ. ಅವಳು ಶಾಲೆಯಲ್ಲಿದ್ದಾಗ ಮಳೆ ಬಂದ ದಿನ ನಮ್ಮ ಹಟ್ಟಿಯಲ್ಲೇ ಉಳಿದು ಅಕ್ಕನ ಕೈಯ ರೊಟ್ಟಿ ತಿಂದವಳು. ಯಾವ ಮುಖದಲ್ಲಿ ಹೇಳಲಿ?

ದಿಬ್ಬ, ಮೊದಲ ದಿನ

ಊರು ಎಂದು ನಸೀಮಾ ತೋರಿಸಿದ್ದು ಒಂದು ಮಣ್ಣಿನ ದಿಬ್ಬ. ಎಂಟೊಂಬತ್ತು ಸಾವಿರ ವರ್ಷದ ಹಿಂದೆ ಅಲ್ಲಿ ಜನ ಇದ್ದರಂತೆ. ಮನೆ ಬಿದ್ದರೆ ಅದರ ಮೇಲೇ ಮನೆ ಕಟ್ಟಿ, ಅದರ ಮೇಲೆ ಮತ್ತೊಂದು ಕಟ್ಟಿ, ಕೊನೆಗೆ ಊರೇ ಗುಡ್ಡವಾಗಿದೆ. ತಗಡಿನ ಚಾವಣಿಯ ಕೆಳಗೆ ಅಗೆದ ಗುಂಡಿಗಳಲ್ಲಿ ಗೋಡೆಗಳು ಕಾಣುತ್ತವೆ. ಬೀದಿಯೇ ಇಲ್ಲ. ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಗೋಡೆ ಒತ್ತಿಕೊಂಡಿದೆ. ಬಾಗಿಲೂ ಇಲ್ಲ. ಮಾಳಿಗೆಯ ತೂತಿನಿಂದ ಏಣಿ ಇಳಿದು ಒಳಗೆ ಹೋಗಬೇಕು.

ನೋಡಲು ಬಂದವರಿಗೆಂದು ಅಂಥದೇ ಒಂದು ಮನೆ ಕಟ್ಟಿಟ್ಟಿದ್ದಾರೆ. ನಾನು ಜಂಬದಿಂದ ಏಣಿ ಇಳಿಯಹೋದೆ. ಮುಖ ಹೊರಗೆ ಮಾಡಿ ಇಳಿದರೆ ಏನಾಗುತ್ತದೆ? ಪಂಚೆಯ ಅಂಚು ಮೆಟ್ಟಿಲಿಗೆ ಸಿಕ್ಕಿ ಅರ್ಧದಲ್ಲಿ ನೇತಾಡಿದೆ. ಕೆಳಗಿನಿಂದ ಒಬ್ಬರು ಕಾಲು ಹಿಡಿದುಕೊಂಡರು, ಮೇಲಿನಿಂದ ನಸೀಮಾ ತೋಳು ಹಿಡಿದುಕೊಂಡಳು.

"ತೆಂಗಿನ ಸೀಮೆಯೋರು ಸಾರ್ ನೀವು. ಅಟ್ಟದ ಏಣಿ ಇಳಿದು ಗೊತ್ತಿಲ್ವಾ?"

"ಅಟ್ಟ ಹತ್ತೋದು ಆಳುಗಳು ಕಣಮ್ಮ" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಳು, ಒಡೆಯ ಎಂಬುದು ಹುಟ್ಟಿದ್ದು ಹೇಗೆ ಎಂಬ ಪಾಠ ನೋಡಲು ಬಂದವನ ಬಾಯಲ್ಲಿ ಮೊದಲ ದಿನವೇ ಆ ಮಾತು ಬಂತು.

ಒಳಗೆ ಹೋದರೆ ನನಗೆ ಅಷ್ಟೇನೂ ಹೊಸತೆನ್ನಿಸಲಿಲ್ಲ. ಒಂದು ಮೂಲೆಯಲ್ಲಿ ಒಲೆ. ಗೋಡೆಗೆ ಸುಣ್ಣದಂಥ ಬಿಳಿ ಮಣ್ಣಿನ ಸಾರಣೆ. ಮಲಗಲು ಜಗಲಿ. ಸತ್ತವರನ್ನು ಆ ಜಗಲಿಯ ಕೆಳಗೇ ಹೂಳುತ್ತಿದ್ದರಂತೆ. ನಮ್ಮಲ್ಲಿ ತೋಟದ ಮೂಲೆಯಲ್ಲಿ ಮಣ್ಣು ಮಾಡಿ, ನೀರು ಹಾಯಿಸಲು ಹೋದಾಗಲೆಲ್ಲ ಮಾತಾಡಿಸಿಕೊಂಡು ಬರುತ್ತೇವೆ. ಇವರು ಇನ್ನೂ ಹತ್ತಿರ ಇಟ್ಟುಕೊಂಡಿದ್ದರು. ಪಕ್ಕದ ಸಣ್ಣ ಕೋಣೆಯಲ್ಲಿ ಕಾಳು ತುಂಬುವ ಮಣ್ಣಿನ ತೊಟ್ಟಿಗಳು.

ಅವನ್ನು ಕಂಡದ್ದೇ ನನ್ನೊಳಗಿನ ಮೇಷ್ಟ್ರು ಎದ್ದರು. "ನೋಡಮ್ಮ, ಇದೇ ನಾನು ಹೇಳಿದ್ದು. ಮೊದಲು ಬೇಟೆ, ಆಗ ಎಲ್ಲರೂ ಸಮ. ಆಮೇಲೆ ಉಳುಮೆ. ಉತ್ತರೆ ಉಳಿಯುತ್ತೆ, ಉಳಿದರೆ ಕೂಡಿಡ್ತಾರೆ, ಕೂಡಿಟ್ಟೋನು ಯಜಮಾನ ಆಗ್ತಾನೆ. ನಮ್ಮಲ್ಲೂ ಯಾರ ಅಟ್ಟ ದೊಡ್ಡದೋ ಅವನ ಮಾತು ದೊಡ್ಡದು."

"ಸರಿ ಸಾರ್" ಎಂದಳು ನಸೀಮಾ. "ಈಗ ಯಜಮಾನನ ಮನೆ ತೋರ್ಸಿ."

ಮಧ್ಯಾಹ್ನವೆಲ್ಲ ದಿಬ್ಬ ಸುತ್ತಿದೆ. ಎಲ್ಲ ಮನೆಯಲ್ಲೂ ಒಲೆ, ಎಲ್ಲ ಮನೆಯಲ್ಲೂ ತೊಟ್ಟಿ, ಎಲ್ಲ ಮನೆಯೂ ಹೆಚ್ಚುಕಡಿಮೆ ಒಂದೇ ಅಳತೆ. ಅರಮನೆ ಇಲ್ಲ, ಕೋಟೆ ಇಲ್ಲ. ಉಳುಮೆ ಕಲಿತು, ಕಾಳು ಕೂಡಿಟ್ಟು, ಎಷ್ಟೋ ತಲೆಮಾರು ಹೀಗೇ ಬದುಕಿದ್ದರು. ಬಿಸಿಲಿಗೆ ನನ್ನ ಬೋಳುತಲೆ ಸುಟ್ಟಿತು, ಯಜಮಾನ ಸಿಗಲಿಲ್ಲ.

ದಿಬ್ಬ, ಮೂರನೆಯ ದಿನ

ನಸೀಮಾಳ ಮೇಜಿನ ತುಂಬ ಎಲುಬು. ಕುರಿಯ ಸೊಂಟದ್ದು ಯಾವುದು, ಮುಂಗಾಲಿನದು ಯಾವುದು ಎಂದು ನಾನು ನೋಡಿದ ಕೂಡಲೇ ಹೇಳುತ್ತಿದ್ದೆ. ಶಿಬಿರದ ವಿದ್ವಾಂಸರು ಬೆರಗಾದರು. ಪುಸ್ತಕ ಓದಿ ಬಂದ ವಿದ್ಯೆಯಲ್ಲ, ವರ್ಷ ವರ್ಷ ಗುಡ್ಡೆ ಹಾಕಿ ಬಂದದ್ದು.

ಅವಳು ವಿವರಿಸಿದಳು. ಒಳ್ಳೆಯ ಮಾಂಸ ಇರುವ ಎಲುಬೆಲ್ಲ ಒಂದೇ ಮನೆಯ ಕಸದಲ್ಲಿ ಸಿಕ್ಕರೆ ಅಲ್ಲೊಬ್ಬ ದೊಡ್ಡವನಿದ್ದ ಅನ್ನಬಹುದು. ಇಲ್ಲಿ ಹಾಗಿಲ್ಲ. ಎಲ್ಲ ಕಡೆಯೂ ಎಲ್ಲ ಬಗೆಯ ಎಲುಬು. ಇನ್ನೆಲ್ಲೋ, ಕಡಲ ದಂಡೆಯ ಕೆಲವು ಜನ ಉಳುಮೆಯನ್ನೇ ಕಾಣದೆ ಬರೀ ಮೀನು ಹಿಡಿದು ಬದುಕುತ್ತಿದ್ದರು. ಅವರಲ್ಲಿ ಒಡೆಯರೂ ಇದ್ದರು, ಆಳುಗಳೂ ಇದ್ದರು. ಮತ್ತೆಲ್ಲೋ ಬೇಟೆಯ ಕಾಲಕ್ಕೆ ಒಬ್ಬ ನಾಯಕ, ಬೇಟೆ ಮುಗಿದರೆ ಅವನ ಮಾತಿಗೆ ಕವಡೆ ಕಿಮ್ಮತ್ತಿಲ್ಲ.

"ಅದಕ್ಕೇ ಸಾರ್, ಉಳುಮೆ ಬಂತು, ಮೇಲು-ಕೀಳು ತಾನಾಗೇ ಬಂತು ಅನ್ನೋದು ಸರಿಯಾಗಲ್ಲ. ಹಳೇ ಕಾಲದೋರು ಏನೂ ತಿಳೀದ ಮುಗ್ಧರು, ಅದಕ್ಕೇ ಸಮವಾಗಿದ್ರು ಅನ್ನೋದೂ ಸರಿಯಾಗಲ್ಲ. ಅವ್ರಿಗೂ ನಮ್ಮಷ್ಟೇ ಬುದ್ಧಿ ಇತ್ತು. ಒಬ್ಬ ತಲೆ ಮೇಲೆ ಕೂರ್ತಾನೆ ಅಂತ ಗೊತ್ತಿತ್ತು. ಕೂರದ ಹಾಗೆ ದಿನಾ ನೋಡ್ಕೊಂಡಿದ್ರು."

"ಹಂಗಾದ್ರೆ ಶುರುವಾಗಿದ್ದು ಎಲ್ಲಿಂದ?"

"ಒಂದೇ ಕಡೆಯಿಂದ ಅಲ್ಲ ಸಾರ್. ನಾವೂ ಹುಡುಕ್ತಾ ಇದೀವಿ."

ನಾನು ಸೋತೆ. ಸೋತಾಗ ಮೇಷ್ಟ್ರುಗಳು ಬೇರೆ ಕಥೆ ಹೇಳುತ್ತಾರೆ. ಗುಡ್ಡೆ ಹಾಕುವ ಪದ್ಧತಿಯನ್ನು ಬಣ್ಣಿಸಿದೆ. ನಸೀಮಾ ಅದನ್ನು ಮಿಕ್ಕವರಿಗೆ ಅವರ ಭಾಷೆಯಲ್ಲಿ ಹೇಳಿದಳು. ಹಾಕಿದವನಿಗೆ ಕೊನೆಯ ಗುಡ್ಡೆ ಎಂದಾಗ ಎಲ್ಲರೂ ಮೇಜು ತಟ್ಟಿದರು. ಅವರಲ್ಲಿ ಒಬ್ಬರು ಕೇಳಿದರು: "ಎಲ್ಲರಿಗೂ ಸಿಗುತ್ತದೆಯೇ?"

"ಎಲ್ಲರಿಗೂ" ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಕೇಳದಿದ್ದರೂ ಇನ್ನೊಮ್ಮೆ ಹೇಳಿದೆ: "ಒಬ್ಬರನ್ನೂ ಬಿಡಲ್ಲ." ನಸೀಮಾ ಅದನ್ನೂ ನಂಬಿ ನಗುತ್ತ ಅವರಿಗೆ ಹೇಳಿದಳು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಕೆಳಗಿನ ಹಳ್ಳಿ

ಆ ವರ್ಷದ ಅಗೆತ ಮುಗಿಯುವ ದಿನ ಶಿಬಿರದವರೂ ಕೆಳಗಿನ ಹಳ್ಳಿಯವರೂ ಸೇರಿ ಕುರಿ ಕೊಯ್ಯುವ ವಾಡಿಕೆ. ಶಿಬಿರದ ಕಾವಲುಗಾರ ಮುಸ್ತಫಾ ನನ್ನ ಗುಡ್ಡೆಯ ಕಥೆ ಕೇಳಿದ್ದ. ಈ ಸಲ ಹಂಚುವುದು ಹಿಂದೂಸ್ತಾನದ ಮೇಷ್ಟ್ರೇ ಎಂದು ಹಳ್ಳಿಯಲ್ಲಿ ಸಾರಿಬಿಟ್ಟಿದ್ದ.

ನಮ್ಮ ಹಟ್ಟಿಯಲ್ಲಿ ಒಲೆ ಎಣಿಸುವ ಕ್ರಮ ಹೀಗೆ. ವರ್ಷತೊಡಕಿನ ಬೆಳಿಗ್ಗೆ ಗುಡ್ಡೆ ಹಾಕುವವನು ಎತ್ತರದ ಬಂಡೆ ಹತ್ತಿ ನಿಲ್ಲುತ್ತಾನೆ. ಮನೆಗಳಲ್ಲಿ ಗ್ಯಾಸು ಬಂದು ಎಷ್ಟೋ ವರ್ಷವಾದರೂ ಅವತ್ತು ಎಲ್ಲರೂ ತೆಂಗಿನ ಮಟ್ಟೆ ಉರಿಸಿ ಸೌದೆ ಒಲೆ ಹಚ್ಚುತ್ತಾರೆ. ಎಷ್ಟು ಹೊಗೆಯೋ ಅಷ್ಟು ಗುಡ್ಡೆ. ನಾನು ಅದೇ ಪ್ರಕಾರ ಬೆಳಿಗ್ಗೆ ದಿಬ್ಬ ಹತ್ತಿ, ಹಳ್ಳಿಯ ಕಡೆ ಕೈ ಅಡ್ಡ ಹಿಡಿದು ಎಣಿಸಿದೆ. ನಾಲ್ಕು ಹೊಗೆ. ಶಿಬಿರದ್ದು ಒಂದು. ಐದು.

ಕುರಿಯ ವಿಚಾರಕ್ಕೆ ಒಂದು ಮಾತು. ಅಲ್ಲಿನ ಕುರಿಗೆ ಬಾಲವೆಂಬುದು ಬಾಲವಲ್ಲ, ಬೆನ್ನಿಗೆ ಕಟ್ಟಿದ ದಿಂಬು, ಪೂರಾ ಕೊಬ್ಬು. ಅದನ್ನು ಹಂಚುವುದು ಅಪ್ಪ ಹೇಳಿಕೊಟ್ಟಿರಲಿಲ್ಲ. ಹಳ್ಳಿಯ ಕಟುಕರು ಕೊಯ್ದು ಸುಲಿದು ಕೊಟ್ಟ ಮೇಲೆ ಕೂತೆ. ಬಾಲವನ್ನೂ ಸೇರಿಸಿ ಐದು ಗುಡ್ಡೆ ಹಾಕಿ, ಬೆವರು ಒರೆಸಿಕೊಂಡು, ತಲೆ ಎತ್ತಿ ನೋಡಿದರೆ ಎದುರಿಗೆ ಪಾತ್ರೆ ಹಿಡಿದ ಹನ್ನೆರಡು ಮನೆಯವರು.

ನಸೀಮಾ ಹಣೆ ಚಚ್ಚಿಕೊಂಡಳು. "ಸಾರ್, ಅದು ಅಡುಗೆ ಒಲೆ ಅಲ್ಲ. ರೊಟ್ಟಿ ಸುಡೋ ಗೂಡು. ಮೂರು ಮನೆಗೆ ಒಂದು. ಮಿಕ್ಕಿದ್ದಕ್ಕೆಲ್ಲ ಗ್ಯಾಸು."

ನಕ್ಕರೋ ನಕ್ಕರು. ಮುಸ್ತಫಾ ನನ್ನ ಹಾಗೆ ಹಣೆಗೆ ಕೈ ಅಡ್ಡ ಹಿಡಿದು ಹೊಗೆ ಎಣಿಸುವುದನ್ನು ಮಾಡಿ ತೋರಿಸಿದ. ನಾನೂ ನಕ್ಕೆ, ಇನ್ನೇನು ಮಾಡಲಿ. ಎಲ್ಲವನ್ನೂ ಕಲಸಿ ಮತ್ತೆ ಹಂಚಿದೆ. ಹನ್ನೆರಡು ಮನೆ, ಒಂದು ಶಿಬಿರ, ಹದಿಮೂರು ಗುಡ್ಡೆ.

ಒಬ್ಬೊಬ್ಬರೇ ಎತ್ತಿಕೊಳ್ಳಲು ಬಗ್ಗುವಷ್ಟರಲ್ಲಿ ಹಿಂದಿನಿಂದ ಒಂದು ಕೂಗು. ಗಿಡ್ಡನೆಯ ಮುದುಕಿ, ಹೂವಿನ ಷರಾಯಿ, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ತಾಮ್ರದ ಬೋಗುಣಿ. ಮುಸ್ತಫಾನ ತಾಯಿ ಹತೀಜೆ. ಶಿಬಿರದಲ್ಲಿ ಮಡಕೆ ಚೂರು ತೊಳೆಯುವ ಕೆಲಸ ಅವಳದು. ಮೂರು ದಿನದಿಂದ ನನಗೆ ಚಾ ಕೊಡುತ್ತಿದ್ದವಳು. ಈಗ ಜನರನ್ನು ಸರಿಸಿಕೊಂಡು ನೇರ ನನ್ನ ಮುಂದೆ ಬಂದು ನಿಂತಳು. ಬೋಗುಣಿಯನ್ನು ಚಮಚದಿಂದ ಬಡಿಯುತ್ತ ಬೈಯತೊಡಗಿದಳು. ಅದರಲ್ಲಿ ಒಂದು ಮಾತು ಮಾತ್ರ ನನಗೆ ನಸೀಮಾಳ ಹಂಗಿಲ್ಲದೆ ತಿಳಿಯಿತು: ಹಿಸ್ಸೆ. ನಮ್ಮ ಪಹಣಿಯಲ್ಲಿ ಬರೆಯುವ ಅದೇ ಹಿಸ್ಸೆ. ಪಾಲು.

"ಮಗನ ಮನೆ ಎಣಿಸಿದೀರಂತೆ, ಅವ್ರ ಮನೆ ಎಣಿಸಿಲ್ವಂತೆ" ಎಂದು ನಸೀಮಾ ಹೇಳಿದಳು. "ಮಗನ ಹಿತ್ತಿಲ ಕೋಣೇಲಿ ಇದ್ರೂ ಅವ್ರ ಒಲೆ ಬೇರೆಯಂತೆ. ಕಣ್ಣು ಕಾಣಲ್ವಾ ಅಂತ ಕೇಳ್ತಾವ್ರೆ ಸಾರ್."

ನಾನು ನೋಡಿದ್ದು ಹತೀಜೆಯನ್ನಲ್ಲ, ಮುಸ್ತಫಾನನ್ನು. ತಾಯಿ ಹೀಗೆ ಊರ ಮುಂದೆ ಒಲೆ ಬೇರೆ ಎಂದು ಕೂಗಿದರೆ ಮಗನ ಮಾನ ಏನಾಗಬೇಕು? ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಗುತ್ತಲೇ ಬಗ್ಗಿ, ತನ್ನ ಪಾಲಿನ ಗುಡ್ಡೆಯಿಂದ ಒಂದು ಚೂರು ತೆಗೆದು ಖಾಲಿ ಜಾಗದಲ್ಲಿ ಇಟ್ಟ. ಪಕ್ಕದವನು ಇನ್ನೊಂದು ಇಟ್ಟ. ಹನ್ನೆರಡು ಮನೆಯವರೂ ಇಟ್ಟರು, ನಸೀಮಾ ಶಿಬಿರದ ಗುಡ್ಡೆಯಿಂದ ಇಟ್ಟಳು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಲಿಲ್ಲ, ಹದಿನಾಲ್ಕನೆಯ ಗುಡ್ಡೆ ಸಿದ್ಧವಾಗಿತ್ತು. ಹತೀಜೆ ಅದನ್ನು ಬೋಗುಣಿಗೆ ಹಾಕಿಕೊಂಡು, ಹೋಗುವಾಗ ನನ್ನ ಕೆನ್ನೆ ತಟ್ಟಿ ಹೋದಳು.

ಯಾರ ಮಾನವೂ ಹೋಗಲಿಲ್ಲ.

ಶಿಬಿರದ ಮಾಳಿಗೆ

ಊಟಕ್ಕೆ ಕರೆದರೂ ನಾನು ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಮಾಳಿಗೆಯ ಮೇಲೆ ಕೂತೆ. ಇನ್ನೂ ಬಿಸಿಲಿತ್ತು. ನಸೀಮಾ ಹುಡುಕಿಕೊಂಡು ಬಂದಳು. "ಅತ್ತರು ಈಗ ಕೆಲಸ ಮಾಡ್ತೈತಾ ಸಾರ್?" ಎಂದವಳು ನನ್ನ ಮುಖ ನೋಡಿ ಪಕ್ಕದಲ್ಲಿ ಕೂತಳು. ಆಗ ಎಲ್ಲ ಹೇಳಿದೆ. ವಿದ್ಯಾರ್ಥಿನಿಯ ಮುಂದೆ ಹೀಗೆ ಹೇಳಿಕೊಳ್ಳುವ ದಿನ ಬರುತ್ತದೆಂದು ಯಾವ ಮೇಷ್ಟ್ರೂ ಎಣಿಸಿರುವುದಿಲ್ಲ.

ಕೇಳಿ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: "ಗಂಗತ್ತೆ ಯಾಕೆ ಹಿಂಗೆ ಬಂದು ಬೈಲಿಲ್ಲ ಸಾರ್?"

ಬೈಯುವುದಾದರೂ ಎಲ್ಲಿ ನಿಂತು? ನಮ್ಮಲ್ಲಿ ಗುಡ್ಡೆ ಹಾಕುವ ಕಡೆ ಹೆಂಗಸರು ಬರುವುದಿಲ್ಲ. ಬರಬಾರದೆಂದು ಯಾರೂ ಹೇಳಿಲ್ಲ, ಬಂದದ್ದೂ ಇಲ್ಲ. ತಕ್ಕಡಿಯಂತೆ ಹಂಚುತ್ತೇವೆ ಎಂದು ಊರೂರಿಗೆ ಹೇಳಿಕೊಂಡು ಬಂದೆ. ತಕ್ಕಡಿಯ ಹತ್ತಿರ ಬಂದು ಕೇಳುವ ದಾರಿಯನ್ನೇ ಇಟ್ಟಿರಲಿಲ್ಲ. ಆ ದಿಬ್ಬದ ಜನ ಒಬ್ಬರ ಮಾಳಿಗೆಯ ಮೇಲೆ ಒಬ್ಬರು ಓಡಾಡುತ್ತಿದ್ದರು. ದಿನವೂ ಅಲ್ಲಿ ಎಷ್ಟು ಬೈಗುಳ ನಡೆದಿರಬೇಕು, ಎಷ್ಟು ಹತೀಜೆಯರು ಬೋಗುಣಿ ಬಡಿದಿರಬೇಕು ಎಂದು ಮೊದಲ ಸಲ ಅನ್ನಿಸಿತು. ಅವರು ಸಮವಾಗಿ ಬಾಳಿದ್ದು ಸುಮ್ಮನೆ ಬಂದ ಭಾಗ್ಯವಾಗಿರಲಾರದು.

"ಫೋನ್ ಮಾಡಿ ಸಾರ್" ಎಂದು ನಸೀಮಾ ತನ್ನ ಫೋನು ಕೊಟ್ಟಳು. ನನ್ನ ನಂಬರು ಕಂಡರೆ ಅಕ್ಕ ಎತ್ತುವುದಿಲ್ಲ, ಕೊನೆಯ ಎರಡು ಅಂಕಿ ಅವಳಿಗೆ ಗೊತ್ತು. ಇದು ಗೊತ್ತಿಲ್ಲದ ನಂಬರು, ಎತ್ತಿದಳು.

"ಯಾರು?"

"ನಾನು ಕಣಕ್ಕ. ಚಿಕ್ಕ."

ಇಟ್ಟುಬಿಡುತ್ತಾಳೆ ಎಂದುಕೊಂಡೆ. "ಏನಾಯ್ತ್ಲಾ? ಹುಷಾರಾಗಿದೀಯಾ?" ಎಂದಳು. ಎರಡು ವರ್ಷದ ಮೇಲೆ ಕೇಳಿದ ಅವಳ ದನಿ.

"ಹುಷಾರಾಗಿದೀನಿ. ಒಂದು ಮಾತು ಹೇಳ್ಬೇಕು. ಅವತ್ತು ಬಂಡೆ ಮೇಲೆ ನಿಂತಾಗ ನಿನ್ನ ಕೋಣೆ ಹೊಗೆ ಕಂಡಿತ್ತು ಕಣಕ್ಕ. ಕಾಣ್ಲಿಲ್ಲ ಅಂತ ಎಲ್ರಿಗೂ ಹೇಳ್ದೆ. ಕಂಡಿತ್ತು. ನಿನ್ನ ಒಲೆ ಬೇರೆ ಅಂತ ಗುಡ್ಡೆ ಹಾಕಿದ್ರೆ, ಮೇಷ್ಟ್ರು ಅಕ್ಕನ್ನ ಮನೆಯಿಂದ ಆಚೆ ಹಾಕಿದ್ರು ಅಂತಾರೆ ಅಂತ ಬಿಟ್ಟೆ. ನನ್ನ ಹೆಸರಿಗೋಸ್ಕರ ಬಿಟ್ಟೆ."

ಅತ್ತ ಕಡೆ ಕೋಳಿ ಕೂಗುವುದು ಕೇಳಿಸುತ್ತಿತ್ತು. ಆಮೇಲೆ ಅಕ್ಕ ನಿಧಾನವಾಗಿ ಹೇಳಿದಳು: "ಗೊತ್ತು ಕಣ್ಲಾ. ನಾನು ಬಾಗ್ಲಲ್ಲೇ ನಿಂತಿದ್ದೆ. ನೀನು ನನ್ನ ಹೊಗೆ ನೋಡ್ದೆ, ನೋಡಿ ಮುಖ ತಿರುಗಿಸ್ದೆ. ಮರ್ತು ಬಿಟ್ಟಿದ್ರೆ ಆ ಸಾರು ಕುಡೀತಿದ್ದೆ."

ಎರಡು ವರ್ಷ ನಾನು ಅವಳ ಮುನಿಸನ್ನು ಹೆಂಗಸಿನ ಹಟ ಎಂದುಕೊಂಡಿದ್ದೆ. ನಾನು ಅಳುವುದು ಅವಳಿಗೂ ಕೇಳಿಸಿತು, ನಸೀಮಾಳಿಗೂ ಕಂಡಿತು. ನಾಚಿಕೆಯಾಗಲಿಲ್ಲ.

"ಅಳ್ಬೇಡ ಬುಡು" ಎಂದಳು ಅಕ್ಕ. "ಫೋನಲ್ಲಿ ಹೇಳಿದ್ದು ನನ್ ಕಿವಿಗಾಯ್ತು. ನನ್ನ ಬಿಟ್ಟಿದ್ದು ಊರ ಮುಂದೆ. ಹೇಳೋದೂ ಅಲ್ಲೇ ಹೇಳು. ಊಟ ಆಯ್ತಾ?"

"ಇಲ್ಲ."

"ಹೋಗ್ ಮಾಡು. ಪರದೇಶದಲ್ಲಿ ಉಪಾಸ ಬೀಳ್ಬೇಡ."

ಕೆಳಗೆ ಹೋದೆ. ಹತೀಜೆ ನನ್ನ ತಟ್ಟೆಗೆ ಎರಡು ಸಲ ಬಡಿಸಿದಳು.

ನಮ್ಮ ಹಟ್ಟಿ

ಊರಿಗೆ ಬಂದ ಮೇಲೆ ಅಕ್ಕ ನನ್ನ ಜೊತೆ ಮಾತಾಡುತ್ತಿದ್ದಳು, ಆದರೆ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ವರ್ಷತೊಡಕು ಬರುವ ತನಕ ಕಾದಳು.

ಈ ವರ್ಷ ಬೆಳಿಗ್ಗೆ ಬಂಡೆ ಹತ್ತಿ ಎಣಿಸಿ ಇಳಿದೆ. ಟಗರು ಕಡಿದಾಗಿತ್ತು. ಹೆಣೆದ ತೆಂಗಿನ ಗರಿ ಹಾಸಿ, ಮುತ್ತುಗದ ಎಲೆ ಇಟ್ಟು, ಗುಡ್ಡೆ ಹಾಕಿದೆ. ಬಟ್ಟಲಲ್ಲಿ ಇನ್ನೊಂದಿಷ್ಟು ಚೂರು ಹಂಚಲು ಉಳಿದಿತ್ತು. ಅಷ್ಟರಲ್ಲಿ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾತ್ರೆ ಹಿಡಿದು, ಗಂಡಸರ ನಡುವೆ ಬಂದು ನಿಂತಳು. ನಾನು ಎದ್ದು ನಿಂತು, ಪಾಠ ಹೇಳಿದ ದನಿ ಹೊರಡದೆ ಗೊಗ್ಗರು ದನಿಯಲ್ಲೇ ಎಲ್ಲ ಹೇಳಿದೆ. ಹೊಗೆ ಕಂಡದ್ದು, ಕಂಡಿಲ್ಲ ಎಂದದ್ದು, ಯಾಕೆ ಎನ್ನುವುದು.

ಒಬ್ಬ ನನ್ನ ಮೇಲೆ ಮರುಕಪಟ್ಟು, "ಹೋಗ್ಲಿ ಬುಡಿ ಮೇಷ್ಟ್ರೇ, ಹಳೇ ಮಾತು" ಎಂದ.

"ಹೋಗ್ಲಿ ಅನ್ನೋಕೆ ನೀನ್ಯಾರ್ಲಾ?" ಎಂದಳು ಅಕ್ಕ. "ಬಿಟ್ಟಿದ್ದು ನನ್ನ."

ಅಕ್ಕ ನನ್ನ ಕಡೆ ತಿರುಗಿ, "ಆಯ್ತು" ಎಂದಳು. ಅಷ್ಟೇ ಅಂದದ್ದು. ನನಗೆ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಆ ಸಂತೋಷದಲ್ಲಿ ನಾನು ಮಾಡಬಾರದ್ದು ಮಾಡಿದೆ. ಕಡೆಯ ಗುಡ್ಡೆಗೆ ಕೈ ತೋರಿಸಿ, "ಅಕ್ಕ, ಇದು ನಿಂದು, ತಗೋ" ಎಂದೆ. ಅದರಲ್ಲಿ ಈಲಿ ಎರಡು ಚೂರು ಹೆಚ್ಚು ಇಟ್ಟಿದ್ದೆ. ಈಲಿ ಎಂದರೆ ಅವಳಿಗೆ ಪ್ರಾಣ.

ಅಕ್ಕ ಬಗ್ಗಿ ಗುಡ್ಡೆ ನೋಡಿದಳು. ಪಕ್ಕದ್ದನ್ನು ನೋಡಿದಳು. ಹೆಚ್ಚಿನ ಎರಡು ಚೂರನ್ನು ಬೆರಳಲ್ಲಿ ಎತ್ತಿ ಬಟ್ಟಲಿಗೆ, ಇನ್ನೂ ಹಂಚಬೇಕಾದದ್ದರ ಜೊತೆ, ವಾಪಸ್ಸು ಹಾಕಿದಳು.

"ಪಾಪ ಅಂತ ಜಾಸ್ತಿ ಹಾಕ್ಬೇಡ ಕಣ್ಲಾ ಚಿಕ್ಕಾ" ಎಂದಳು. "ಎಲ್ರಿಗೂ ಹಾಕ್ದಷ್ಟು ಹಾಕು."

ಆಮೇಲೆ ನಾನು ತೋರಿಸಿದ್ದನ್ನು ಬಿಟ್ಟು, ಅದರ ಆಚೆಗಿದ್ದ ಇನ್ನೊಂದು ಗುಡ್ಡೆಯನ್ನು ಪಾತ್ರೆಗೆ ತುಂಬಿಕೊಂಡು ಮನೆಗೆ ಹೋದಳು.